ಜಮೈಕಾದ ಮಾವನ ಬಗ್ಗೆ ನಾನು ಬರೆದದ್ದು ಹೇಗೆ

ನನ್ನ ಮಾವ ಜಮೈಕಾದವರು. 1961ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದವರು ಕೊನೆಯವರೆಗೂ ಬರ್ಮಿಂಗ್‌ಹ್ಯಾಮ್‌ನಲ್ಲೇ ಇದ್ದರು. ನಾನು ಶಿವಮೊಗ್ಗದವಳು, ಅವರ ಕಿರಿಯ ಸೊಸೆ. ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಹಂಚುವ ಪುಸ್ತಿಕೆಗೆ ಅವರ ಬದುಕನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಅಳು ಬರುತ್ತೆ, ಸೊಸೆಯಾದರೆ ಬರೆದಾಳು ಅಂತ ಅತ್ತೆಯ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು.

ಸಮಯಕ್ಕೇನೂ ಕೊರತೆ ಇರಲಿಲ್ಲ. ಇಲ್ಲಿನ ಕೆರಿಬಿಯನ್ ಮನೆಗಳಲ್ಲಿ ಸಾವಿಗೂ ಮಣ್ಣಿಗೂ ನಡುವೆ ಕೆಲವು ವಾರ ಕಳೆಯುವುದು ಮಾಮೂಲಿ. ಜಮೈಕಾ, ನ್ಯೂಯಾರ್ಕ್, ಟೊರಾಂಟೊ ಕಡೆಯಿಂದ ನೆಂಟರು ಬರಬೇಕಲ್ವಾ?

ತೀರಿಕೊಂಡವರು ಎಂಥವರು ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಒಳ್ಳೆಯವರು, ಕಷ್ಟಪಟ್ಟು ದುಡಿದರು, ದೈವಭಕ್ತರು. ಆ ಮಾತು ಯಾರ ಪುಸ್ತಿಕೆಗೆ ಹಾಕಿದರೂ ನಡೆಯುತ್ತದೆ. ಹಾಗಾಗಿ ನಾನು ಅದನ್ನು ಕೇಳಲೇ ಇಲ್ಲ. ಅತ್ತೆಯನ್ನು ಕರೆದುಕೊಂಡು ಮನೆಯ ಒಂದೊಂದೇ ಕೋಣೆಗೆ ಹೋದೆ. ಕಂಡ ವಸ್ತುಗಳನ್ನೆಲ್ಲ ತೋರಿಸಿ, ಇದನ್ನು ಮಾಡಿದ್ದು ಯಾರು, ಯಾವಾಗ, ಮರ ಎಲ್ಲಿಂದ ಬಂತು ಅಂತ ಕೇಳಿದೆ. ಮಾವ ಮಾತು ಕಡಿಮೆ ಆಡಿದವರು. ಅವರ ಬಗ್ಗೆ ಹೇಳಬೇಕಾದದ್ದೆಲ್ಲ ಅವರು ಮಾಡಿಟ್ಟ ಸಾಮಾನಿನಲ್ಲೇ ಇತ್ತು.

ಮೊದಲು ಅಡುಗೆಮನೆ. ಅತ್ತೆ ಕುಳ್ಳಗಿದ್ದಾರೆ, ಮಾವ ಆರಡಿ. ಆ ಮನೆಯ ಕಪಾಟು, ಶೆಲ್ಫು, ಬಟ್ಟೆ ನೇತುಹಾಕುವ ಗೂಟ ಎಲ್ಲವೂ ಅತ್ತೆಯ ಕೈಗೆಟುಕುವ ಎತ್ತರದಲ್ಲಿವೆ. "ಮದುವೆಯಾದಾಗಿನಿಂದ ನಾನು ಸ್ಟೂಲ್ ಹತ್ತಿಲ್ಲ, ಮಗಳೇ. ತಲೆ ಬಗ್ಗಿಸಿ ಬಗ್ಗಿಸಿ ಬೆನ್ನು ನೋವು ಬಂದದ್ದು ಅವರಿಗೆ" ಅಂದರು ಅತ್ತೆ. ಪುಸ್ತಿಕೆಯ ಮೊದಲ ಪ್ಯಾರಾ ಅಲ್ಲೇ ಸಿಕ್ಕಿತು. ಒಂದು ಕಪಾಟಿನ ಹಿಂಬದಿಯ ಹಲಗೆಯಲ್ಲಿ ಕಾರ್ಖಾನೆಯ ಪೆಟ್ಟಿಗೆಯ ಅಕ್ಷರಗಳು ಇನ್ನೂ ಅಳಿಸಿರಲಿಲ್ಲ. ಊರಲ್ಲಿ ಅವರು ಬಡಗಿ. ಇಲ್ಲಿ ಸಿಕ್ಕಿದ್ದು ಎರಕದ ಕಾರ್ಖಾನೆಯಲ್ಲಿ ಬೆಂಕಿಯ ಮುಂದಿನ ಕೆಲಸ. ಅಲ್ಲಿ ಬಿಸಾಡುತ್ತಿದ್ದ ಪೆಟ್ಟಿಗೆಗಳನ್ನು ಕೇಳಿ ತಂದು, ಮೊಳೆ ಕಿತ್ತು, ಉಜ್ಜುಗೊರಡು ಹಿಡಿದು ಮನೆಗೆ ಬೇಕಾದ್ದನ್ನೆಲ್ಲ ಮಾಡಿಕೊಂಡಿದ್ದರು.

ಇಸವಿಗಳ ವಿಷಯದಲ್ಲಿ ನಾನು ಯಾರ ನೆನಪನ್ನೂ ನಂಬಲಿಲ್ಲ. ಅದಕ್ಕೆ ಮಾವನ ಬಿಸ್ಕೆಟ್ ಡಬ್ಬಿ ಇತ್ತು. ಸಂಬಳದ ಚೀಟಿ, ತೆರಿಗೆ ಕಾಗದ, ಹಳೇ ಪಾಸ್‌ಪೋರ್ಟ್ ಎಲ್ಲ ಅದರೊಳಗೆ. ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಅವರು ಬಂದದ್ದು ಅದಕ್ಕೂ ಮುಂಚೆ, ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ. 1962ರ ಜುಲೈ 1ರಿಂದ ಕಾಮನ್‌ವೆಲ್ತ್ ದೇಶದವರ ಪ್ರವೇಶಕ್ಕೆ ಹೊಸ ಕಾನೂನು ಕಡಿವಾಣ ಹಾಕಿತು. ಬಾಗಿಲು ಮುಚ್ಚುವ ಮೊದಲು ಒಳಗೆ ಬಂದ ಸಾವಿರಾರು ಜನರಲ್ಲಿ ಮಾವನೂ ಒಬ್ಬರು. "ಅಪ್ಪ ಒಂದು ಕಾಗದವನ್ನೂ ಬಿಸಾಡಲು ಬಿಡಲ್ಲ" ಅಂತ ಮಕ್ಕಳು ನಗುತ್ತಿದ್ದರಂತೆ. 2018ರಲ್ಲಿ ವಿಂಡ್‌ರಶ್ ಹಗರಣ ಬಯಲಾಯಿತು. ಮಾವನ ಹಾಗೆ ಕೆರಿಬಿಯನ್ ಕಡೆಯಿಂದ ಬಂದು ದಶಕಗಳಿಂದ ಇಲ್ಲೇ ಇದ್ದ ಎಷ್ಟೋ ಜನ, ಇಲ್ಲಿರುವ ಹಕ್ಕಿಗೆ ಪುರಾವೆ ತೋರಿಸಲಾಗದೆ ಕೆಲಸ ಕಳೆದುಕೊಂಡಿದ್ದರು, ಕೆಲವರನ್ನು ದೇಶದಿಂದಲೇ ಹೊರಗೆ ಕಳಿಸಲಾಗಿತ್ತು. ಆಮೇಲೆ ಯಾರೂ ಆ ಡಬ್ಬಿಯನ್ನು ನೋಡಿ ನಗಲಿಲ್ಲ.

ಮನೆ ಕೊಂಡದ್ದು 'ಪಾರ್ಡ್ನರ್' ದುಡ್ಡಿನಲ್ಲಿ. ನಮ್ಮ ಕಡೆಯ ಚೀಟಿ ಇದ್ದ ಹಾಗೆ, ಆದರೆ ಹರಾಜಿಲ್ಲ. ವಾರವಾರ ಎಲ್ಲರೂ ಒಂದೇ ಮೊತ್ತ ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರಿಗೆ ಇಡೀ ಗಂಟು ಸಿಗುತ್ತದೆ. ಕರಿಯರಿಗೆ ಬಾಡಿಗೆ ಮನೆ ಕೊಡುವುದಿಲ್ಲ ಅಂತ ಮುಖದ ಮೇಲೇ ಹೇಳುತ್ತಿದ್ದ ಕಾಲ ಅದು. ಮನೆಯ ವಿಷಯದಲ್ಲಿ ಈ ಭೇದ ಕಾನೂನುಬಾಹಿರವಾದದ್ದು 1968ರಲ್ಲಿ. ಸಾಲಕ್ಕೆ ಬ್ಯಾಂಕಿಗಿಂತ ಈ ಗುಂಪನ್ನೇ ಜನ ಜಾಸ್ತಿ ನಂಬಿದ್ದರು ಅಂದರೆ ಆಶ್ಚರ್ಯವೇನಿಲ್ಲ.

ಒಳ್ಳೆ ಕಥೆಗಳು ಸಿಕ್ಕಿದ್ದು 'ನೈನ್ ನೈಟ್' ದಿನ. ಸತ್ತ ಮನೆಯಲ್ಲಿ ರಾತ್ರಿಯಿಡೀ ಜನ ಸೇರಿ ಹಾಡಿ, ಉಂಡು, ಕುಡಿದು, ಹೋದವರನ್ನು ಬೀಳ್ಕೊಡುವ ಜಮೈಕಾದ ಸಂಪ್ರದಾಯ ಇದು. ನಮ್ಮ ಮನೆಗಳ ಸೂತಕದ ಮೌನ ಇಲ್ಲಿಲ್ಲ. ಕರಿದ ಮೀನು, ಗಟ್ಟಿ ಬ್ರೆಡ್ಡು, ಬಿಳಿ ರಮ್ಮು. ಡಾಮಿನೋ ಬಿಲ್ಲೆಗಳನ್ನು ಟೇಬಲ್ಲಿಗೆ ಬಡಿಯುವ ಸದ್ದಿನಲ್ಲಿ ಫೋನಿನ ರೆಕಾರ್ಡಿಂಗ್ ಪ್ರಯೋಜನಕ್ಕೆ ಬಾರದು ಅಂತ ಗೊತ್ತಿತ್ತು. ನೋಟ್‌ಬುಕ್ ಹಿಡಿದು ಆಟದವರ ಪಕ್ಕ ಕೂತೆ. ಯಾರ ಕಾರಿನ ಕ್ಲಚ್ ಸರಿಮಾಡಿದರು, ಯಾರ ಛಾವಣಿಗೆ ಮಳೆಯಲ್ಲೇ ಹತ್ತಿದರು, ಯಾರ ಹತ್ತಿರ ಕಾಸು ತೆಗೆದುಕೊಳ್ಳಲಿಲ್ಲ, ಎಲ್ಲ ಬಂತು. ಸುತ್ತಿಗೆ ಕೇಳಲು ಹೋದವನಿಗೆ "ನಾನೇ ಬಂದು ಹೊಡೀತೀನಿ" ಅಂದದ್ದೂ ಬಂತು. ಸಾಮಾನನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ದೊಡ್ಡ ನಾದಿನಿಯ ಮಾತು ಬೇರೆ. "ನನಗೆ ನೆನಪಿರುವ ಅಪ್ಪ ನಿದ್ದೆ ಮಾಡುತ್ತಿದ್ದ ಅಪ್ಪ. ಸದ್ದು ಮಾಡಬೇಡಿ ಅನ್ನುವುದೇ ನಮ್ಮ ಬಾಲ್ಯ" ಅಂದಳು. ಅತ್ತೆ ಆಸ್ಪತ್ರೆಯಲ್ಲಿ ಒಂದು ಪಾಳಿ ಮಾಡುವಾಗ ಮಾವನದು ಕಾರ್ಖಾನೆಯಲ್ಲಿ ಇನ್ನೊಂದು ಪಾಳಿ. ಮಕ್ಕಳು ಎಚ್ಚರವಿರುವಾಗ ಇಬ್ಬರೂ ಜೊತೆಗಿರುವುದೇ ಅಪರೂಪ. ಅದನ್ನು ಬಿಡೋಣ ಅಂದರು ಭಾವ. ನಾನು ಒಪ್ಪಲಿಲ್ಲ. ಬಿಟ್ಟರೆ ಉಳಿದದ್ದೂ ಸುಳ್ಳಾಗುತ್ತದೆ. ಅದೇ ನಾದಿನಿ ಸ್ವಲ್ಪ ಹೊತ್ತಾದ ಮೇಲೆ, ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿಗೆ ಜಾಯಿಕಾಯಿ ತುರಿದು ಹಾಕಿ ಕೊಡುತ್ತಿದ್ದದ್ದೂ ಅಪ್ಪನೇ ಅಂದಳು. ಜಡೆ ಹೆಣೆಯುತ್ತಿದ್ದದ್ದೂ ಅವರೇ. ಬೈತಲೆ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ! ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆದೆ.

ಮಣ್ಣಿನ ದಿನ ಸ್ಮಶಾನದ ಕೆಲಸಗಾರರು ಪಕ್ಕಕ್ಕೆ ನಿಂತರು. ಗುಂಡಿ ಮುಚ್ಚುವುದು ಮನೆಯವರ, ಗೆಳೆಯರ ಕೆಲಸ. ಗಂಡಸರು ಸೂಟು ಬಿಚ್ಚಿಟ್ಟು ಸರದಿಯಲ್ಲಿ ಸಲಿಕೆ ಹಿಡಿದರು, ಹೆಂಗಸರು ನಿಲ್ಲಿಸದೆ ಹಾಡಿದರು.

ಆಮೇಲೆ ಹಿಂದಿನ ಬೀದಿಯ ಪಂಜಾಬಿ ಅಜ್ಜ ಪುಸ್ತಿಕೆ ಹಿಡಿದುಕೊಂಡು ಮನೆಗೆ ಬಂದರು. ತಮ್ಮ ಮನೆಯ ಗೇಟು ಇದರಲ್ಲಿಲ್ಲವಲ್ಲ ಅಂತ ತಕರಾರು. ಹೋಗಿ ನೋಡಿದೆ, ಫೋಟೊ ತೆಗೆದುಕೊಂಡೆ. ಎರಡನೇ ಸಲ ಪ್ರಿಂಟ್ ಹಾಕಿಸುವಾಗ ಗೇಟನ್ನೂ ಸೇರಿಸಿದೆವು, ಅಜ್ಜನಿಗೆ ಎರಡು ಪ್ರತಿ ಕೊಟ್ಟೆವು.