ಜಿನೀವಾಕ್ಕೆ ಹೊರಡುವ ಮೊದಲು: ಕ್ರೈಸ್ತ ಐಕ್ಯದ ಅಧ್ಯಯನಕ್ಕೆ ಕೊಡಗಿನಿಂದ ಸಿದ್ಧತೆ

ಕ್ರೈಸ್ತ ಸಭೆಗಳ ನಡುವಿನ ಸಹಕಾರವನ್ನು ಅರಿಯಲು ಕೊಡಗಿನಿಂದ ಜಿನೀವಾಕ್ಕೆ ಹೊರಡುವವರು ಮೊದಲ ಪಾಠವನ್ನು ಊರಿನಲ್ಲಿಯೇ ಕಲಿಯಬೇಕು. ವಿರಾಜಪೇಟೆಯ ಸಂತ ಅನ್ನಮ್ಮನವರ ಕಥೋಲಿಕ ದೇವಾಲಯದಲ್ಲಿಯೂ ಮಡಿಕೇರಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಸಭೆ) ದೇವಾಲಯದಲ್ಲಿಯೂ ಒಂದೊಂದು ಭಾನುವಾರ ಆರಾಧನೆಗೆ ಕುಳಿತು, ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಒಂದೇ ಸಂಸ್ಕಾರವನ್ನು ಕಥೋಲಿಕರು ಜ್ಞಾನಸ್ನಾನವೆಂದೂ ಪ್ರೊಟೆಸ್ಟಂಟರು ದೀಕ್ಷಾಸ್ನಾನವೆಂದೂ ಕರೆಯುವುದನ್ನು ಗಮನಿಸಿರಿ. ಭೇದವು ಎಲ್ಲಿ ಬರಿಯ ಮಾತಿನದು, ಎಲ್ಲಿ ನಂಬಿಕೆಯದು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪರಂಪರೆಗಳು ಕೂಡಿ 1947ರಲ್ಲಿ ಸಿ.ಎಸ್.ಐ. ರೂಪುಗೊಂಡ ಬಗೆಯನ್ನೂ ಓದಿಕೊಳ್ಳಿರಿ, ಏಕೆಂದರೆ ನಮ್ಮ ನೆಲದ ಈ ಅನುಭವ ಅಲ್ಲಿನ ಚರ್ಚೆಗೆ ನೀವು ಕೊಡಬಹುದಾದ ಅಮೂಲ್ಯ ಕಾಣಿಕೆ.

ಚರ್ಚುಗಳ ವಿಶ್ವ ಮಂಡಳಿ 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ಥಾಪನೆಯಾಯಿತು, ಕಚೇರಿ ಜಿನೀವಾದಲ್ಲಿದೆ. ಕಥೋಲಿಕ ಸಭೆ ಅದರ ಸದಸ್ಯತ್ವ ಪಡೆದಿಲ್ಲವಾದರೂ, ದೀಕ್ಷಾಸ್ನಾನ, ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಸಂಸ್ಕಾರ) ಮತ್ತು ಸಭಾಸೇವೆಯನ್ನು (ಪಾದ್ರಿ ಮೊದಲಾದವರ ಸೇವಾಪದವಿ) ಕುರಿತ 1982ರ ಲಿಮಾ ದಾಖಲೆಯನ್ನು ರೂಪಿಸಿದ ಮಂಡಳಿಯ ಆಯೋಗದಲ್ಲಿ ಕಥೋಲಿಕ ದೇವಶಾಸ್ತ್ರಜ್ಞರೂ ಇದ್ದರು. ಆ ದಾಖಲೆಯನ್ನು ತಪ್ಪದೆ ಓದಿರಿ. ಜಿನೀವಾದ ಸಮೀಪದಲ್ಲಿರುವ ಮಂಡಳಿಯ ಬೊಸ್ಸೆ ಅಧ್ಯಯನ ಸಂಸ್ಥೆಯಲ್ಲಿ ನಾನಾ ಸಭೆಗಳ ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸಿ ಓದುತ್ತಾರೆ. ಅವರೊಡನೆ ಊಟಕ್ಕೆ ಕುಳಿತು ಆಡುವ ಮಾತನ್ನು ಉಪನ್ಯಾಸದಷ್ಟೇ ಶ್ರದ್ಧೆಯಿಂದ ಟಿಪ್ಪಣಿ ಮಾಡಿಕೊಳ್ಳಿರಿ. ಬೇರೆ ಸಭೆಯ ಪ್ರಭುಭೋಜನದಲ್ಲಿ ಪಾಲ್ಗೊಳ್ಳುವ ಮೊದಲು ಅಲ್ಲಿನ ನಿಯಮವನ್ನು ವಿಚಾರಿಸಿರಿ. ಇನ್ನೂ ಒಂದಾಗದ ಆ ಮೇಜಿನ ಮುಂದೆ ಆಗುವ ನೋವನ್ನೂ ಬರೆದಿಡಿರಿ.