ಹಳೆಯ ಕೃಷಿಯಂತ್ರದ ಸ್ಪ್ಯಾನರ್: ತಯಾರಕರನ್ನು ಗುರುತಿಸುವ ಕ್ರಮ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನೇಗಿಲು, ಕೂರಿಗೆ ಹಾಗೂ ಕಟಾವು ಯಂತ್ರಗಳ ತಯಾರಕರಲ್ಲಿ ಅನೇಕರು ಯಂತ್ರದ ಜೊತೆಗೇ ಒಂದು ಎರಕದ ಸ್ಪ್ಯಾನರನ್ನೂ ಕೊಡುತ್ತಿದ್ದರು. ಆ ಯಂತ್ರದ ಚೌಕ ನಟ್ಟುಗಳ ಅಳತೆಗೇ ಮಾಡಿಸಿದ ಈ ಸ್ಪ್ಯಾನರು ಕಾರ್ಖಾನೆಯ ಲೆಕ್ಕದಲ್ಲಿ ಯಂತ್ರದ ಬಿಡಿಭಾಗಗಳಲ್ಲೊಂದು. ಆದ್ದರಿಂದಲೇ ಹಲವು ಸ್ಪ್ಯಾನರುಗಳ ಮೇಲೆ ಕಂಪನಿಯ ಹೆಸರೇ ಇರುವುದಿಲ್ಲ. ಒಂದು ಸಂಖ್ಯೆ, ಹೆಚ್ಚೆಂದರೆ ಅದರ ಹಿಂದೆಯೋ ಮುಂದೆಯೋ ಒಂದೆರಡು ಅಕ್ಷರ, ಅಷ್ಟೇ. ಹುಡುಕಾಟವೆಲ್ಲ ನಿಲ್ಲುವುದು ಈ ಸಂಖ್ಯೆಯ ಮೇಲೆ.

ಹಾಗಾಗಿ ಮೊದಲ ಕೆಲಸ ಅದನ್ನು ತಪ್ಪಿಲ್ಲದೆ ಓದುವುದು. ಸ್ಪ್ಯಾನರನ್ನು ಒಂದೆರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯ ಬ್ರಷ್ಷಿನಿಂದ ಮೃದುವಾಗಿ ಉಜ್ಜಬೇಕು. ಯಂತ್ರಕ್ಕೆ ಸಿಕ್ಕಿಸಿದ ತಂತಿಚಕ್ರವನ್ನು ಬಳಸಲೇಬಾರದು, ಏಕೆಂದರೆ ತುಕ್ಕಿನ ಜೊತೆಗೆ ಉಬ್ಬಕ್ಷರಗಳ ಅಂಚೂ ಸವೆದುಹೋಗುತ್ತದೆ. ಒಣಗಿದ ಮೇಲೆ ಬಿಳಿ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಹಿಡಿಯ ಮೇಲೆ ತೇಲಿಸಿ ಎಳೆದರೆ, ಸುಣ್ಣ ಉಬ್ಬಿನ ಮೇಲಷ್ಟೇ ಹತ್ತಿ, ಬರಿಗಣ್ಣಿಗೆ ಗುಳಿಬಿದ್ದ ತುಕ್ಕಿನಂತೆ ಕಾಣುತ್ತಿದ್ದ ಜಾಗದಲ್ಲಿ ಅಂಕಿಗಳು ಎದ್ದುಬರುತ್ತವೆ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಮಗ್ಗುಲಿನಿಂದ ಓರೆಯಾಗಿ ಬಿಟ್ಟು ಇನ್ನೊಮ್ಮೆ ನೋಡಬೇಕು. 3 ಮತ್ತು 8, 5 ಮತ್ತು 6 ಬೇರೆಬೇರೆಯಾಗುವುದು ಆ ನೆರಳಿನಲ್ಲಿಯೇ. ಎರಡು ಬದಿಯನ್ನೂ ನೋಡಿ, ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಬೇಕು. ಅಕ್ಷರವೊಂದು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಗಾಬರಿ ಬೇಡ, ಅಚ್ಚಿನ ಮಾದರಿಗೆ ಅಕ್ಷರ ಅಂಟಿಸಿದವನ ಕೈತಪ್ಪು ಅದು.

ಓದಿದ ಸಂಖ್ಯೆಯನ್ನು ಆಯಾ ಕಂಪನಿಯ ಹಳೆಯ ಬಿಡಿಭಾಗಗಳ ಪಟ್ಟಿಯೊಂದಿಗೆ ಹೋಲಿಸುವುದು ಮುಂದಿನ ಹಂತ. ಇಲ್ಲಿ ಅವಸರ ಸಲ್ಲದು. ಪ್ರತಿ ಕಂಪನಿಯೂ ತನ್ನದೇ ಕ್ರಮದಲ್ಲಿ ಸಂಖ್ಯೆ ಕೊಡುತ್ತಿದ್ದುದರಿಂದ ಒಂದೇ ಸಂಖ್ಯೆ ಎರಡು ಮೂರು ಕಂಪನಿಗಳ ಪಟ್ಟಿಯಲ್ಲಿ ಸಿಗಬಹುದು. ಸಂಖ್ಯೆಯ ಜೊತೆಗೆ ಆಕಾರವೂ, ಬಾಯಿಗಳ ಅಳತೆಯೂ, ಹಿಡಿಯ ಬಾಗೂ ಪಟ್ಟಿಯ ಚಿತ್ರಕ್ಕೆ ಹೊಂದಿದರೆ ಮಾತ್ರ ಗುರುತು ಗಟ್ಟಿ. ಕೇವಲ ಸಂಖ್ಯೆಯನ್ನು ನಂಬಿ ಹೆಸರಿಟ್ಟ ಸ್ಪ್ಯಾನರನ್ನು ಗುರುತಿಸದ ಸ್ಪ್ಯಾನರೆಂದೇ ನಾನು ಎಣಿಸುತ್ತೇನೆ.

ಕೆಲವದರ ಮೇಲೆ ಪೇಟೆಂಟ್ ದಿನಾಂಕವಿರುತ್ತದೆ. ಆ ಕಾಲದಲ್ಲಿ ಅಮೆರಿಕದ ಪೇಟೆಂಟ್‌ಗಳು ಹೊರಬೀಳುತ್ತಿದ್ದುದು ಮಂಗಳವಾರ, ಈಗಲೂ ಹಾಗೆಯೇ. ಹಾಗಾಗಿ ಓದಿದ ದಿನಾಂಕ ಸರಿಯೇ ಎಂದು ಪರೀಕ್ಷಿಸಲು ಹಳೆಯ ಕ್ಯಾಲೆಂಡರ್ ಸಾಕು. ಉದಾಹರಣೆಗೆ, ಸವೆದ ಅಂಕಿಯಿಂದಾಗಿ ವರ್ಷ 1885 ಎಂದೂ 1886 ಎಂದೂ ಕಾಣುತ್ತಿದ್ದು, ದಿನ ನವೆಂಬರ್ 10 ಎಂಬುದು ಸ್ಪಷ್ಟವಾಗಿದ್ದರೆ, 1885ರಲ್ಲಿ ಅದು ಮಂಗಳವಾರ, 1886ರಲ್ಲಿ ಬುಧವಾರ, ಮೊದಲನೆಯದೇ ಸರಿ. ದಿನಾಂಕ ಸಿಕ್ಕ ಮೇಲೆ ಆ ದಿನದ ಪೇಟೆಂಟ್‌ಗಳಲ್ಲಿ ಸ್ಪ್ಯಾನರನ್ನಷ್ಟೇ ಹುಡುಕಿದರೆ ಸಾಲದು, ಏಕೆಂದರೆ ಎಷ್ಟೋ ಸಲ ಅದು ಸ್ಪ್ಯಾನರ್ ಸೇರಿದ್ದ ಯಂತ್ರದ ಪೇಟೆಂಟ್ ಆಗಿರುತ್ತದೆ.

ಹೆಸರೇ ಇದ್ದರೂ ಕೆಲಸ ಮುಗಿಯಿತೆಂದಲ್ಲ. ರೇಸಿನ್ ಊರಿನ ಜೆ. ಐ. ಕೇಸ್ ಹೆಸರಿನದು ಇದಕ್ಕೆ ಒಳ್ಳೆಯ ಉದಾಹರಣೆ: ಒಕ್ಕಣೆ ಯಂತ್ರ ಮಾಡುತ್ತಿದ್ದ ಜೆ. ಐ. ಕೇಸ್ ತ್ರೆಶಿಂಗ್ ಮಷೀನ್ ಕಂಪನಿ ಬೇರೆ, ನೇಗಿಲು ಮಾಡುತ್ತಿದ್ದ ಜೆ. ಐ. ಕೇಸ್ ಪ್ಲೌ ವರ್ಕ್ಸ್ ಬೇರೆ. ಎರಡನೆಯದು 1928ರಲ್ಲಿ ಕೆನಡಾದ ಕೃಷಿಯಂತ್ರ ಕಂಪನಿ ಮ್ಯಾಸಿ-ಹ್ಯಾರಿಸ್ ಕೈ ಸೇರಿತು. 'ಕೇಸ್' ಎಂದಷ್ಟೇ ಓದಿ ಎರಡನ್ನೂ ಒಂದೇ ಡಬ್ಬಕ್ಕೆ ಹಾಕುವವರು ಬಹಳ. ಮೆಕಾರ್ಮಿಕ್, ಡೀರಿಂಗ್ ಮುಂತಾದ ಐದು ಕಂಪನಿಗಳು 1902ರಲ್ಲಿ ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆದ ಮೇಲೂ ಮೆಕಾರ್ಮಿಕ್ ಮತ್ತು ಡೀರಿಂಗ್ ಎಂಬ ಹೆಸರುಗಳು ಮಾರುಕಟ್ಟೆಯಲ್ಲಿ ಉಳಿದವು. ಆದ್ದರಿಂದ 'ಡೀರಿಂಗ್' ಎಂದಿದ್ದ ಮಾತ್ರಕ್ಕೆ ಅದು 1902ಕ್ಕೆ ಮುಂಚಿನದೆಂದು ಹೇಳಲಾಗದು. ಅದೇ ರೀತಿ ಅಮೆರಿಕದ ಕ್ಯಾಂಟನ್ ಊರಿನ ನೇಗಿಲು ತಯಾರಕ ಪಾರ್ಲಿನ್ ಅಂಡ್ ಓರೆಂಡಾರ್ಫ್ 1919ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಪಾಲಾಯಿತು. ಹೊರಿಕಾನ್‌ನ ಕೂರಿಗೆ ತಯಾರಕ ವ್ಯಾನ್ ಬ್ರಂಟ್ 1911ರಲ್ಲಿ ಡೀರ್ (ಜಾನ್ ಡೀರ್) ಕಂಪನಿಗೆ ಸೇರಿತು. ಹೆಸರಿನ ಪಕ್ಕದಲ್ಲಿ ಊರಿನ ಹೆಸರೂ ಇದ್ದರೆ ಅದನ್ನು ಎಂದೂ ಬಿಡಬಾರದು.

ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ ಎಂದಾದರೆ ಆಕಾರವೇ ಗತಿ. ಹಿಡಿಯ ತುದಿಯಲ್ಲಿ ಸುತ್ತಿಗೆಯ ಮುಖವಿದೆಯೇ, ಸ್ಕ್ರೂ ತಿರುಗಿಸುವ ಚಪ್ಪಟೆ ನಾಲಿಗೆಯಿದೆಯೇ, ಕೊಕ್ಕೆಯಿದೆಯೇ ಎಂದು ನೋಡಿದರೆ, ಯಂತ್ರದ ಬಗೆಯನ್ನಾದರೂ ಊಹಿಸಬಹುದು.

ಕೊನೆಯದಾಗಿ ನಕಲಿನ ಮಾತು. ಹೆಸರುವಾಸಿ ಕಂಪನಿಗಳ ಸ್ಪ್ಯಾನರುಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆಯಿರುವುದರಿಂದ ಹೊಸದಾಗಿ ಎರಕ ಹೊಯ್ದವೂ ಮಾರಾಟಕ್ಕೆ ಬರುತ್ತವೆ. ಅವುಗಳ ಮೈ ದಪ್ಪ ಮರಳಿನಂತೆ ಒರಟಾಗಿರುತ್ತದೆ, ಅಕ್ಷರಗಳ ಅಂಚು ಬೆಣ್ಣೆ ಕರಗಿದಂತೆ ಮೊಂಡಾಗಿರುತ್ತದೆ, ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆಯ ಮೇಲೆ ಸಾಣೆಯ ಗೀರುಗಳು ಹೊಳೆಯುತ್ತವೆ. ಅದಕ್ಕಿಂತ ನಂಬಲರ್ಹವಾದದ್ದು ಅಳತೆ. ಅಸಲಿ ಸ್ಪ್ಯಾನರನ್ನೇ ಮಾದರಿಯಾಗಿಟ್ಟು ಹೊಯ್ದ ಕಬ್ಬಿಣ ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ, ಹತ್ತು ಇಂಚಿನ ಸ್ಪ್ಯಾನರಿನ ನಕಲು ಸುಮಾರು ಎರಡೂವರೆ ಮಿಲಿಮೀಟರ್ ಗಿಡ್ಡವಾಗುತ್ತದೆ. ಖಚಿತವಾಗಿ ಅಸಲಿಯೆಂದು ತಿಳಿದ ಒಂದರ ಪಕ್ಕದಲ್ಲಿ ಅದನ್ನಿಟ್ಟು, ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದರೆ, ಇನ್ನೊಂದು ತುದಿಯಲ್ಲಿ ಆ ವ್ಯತ್ಯಾಸ ಬೆರಳಿಗೇ ಸಿಗುತ್ತದೆ.