ಬಂಡೆ ತುಂಬುವ ದೈತ್ಯ ಶೊವೆಲ್: ನಡೆಸುವುದು ಹೇಗೆ?

ಹೊರಗಿನಿಂದ ನೋಡುವವರಿಗೆ ಗಣಿಯಲ್ಲಿ ಬಂಡೆ ಬಾಚಿ ತುಂಬುವ ಹೈಡ್ರಾಲಿಕ್ ಶೊವೆಲ್ ನಡೆಸುವುದು ಬಲದ ಕೆಲಸವೆನಿಸುತ್ತದೆ. ಆದರೆ ಬಲವೆಲ್ಲ ಎಂಜಿನ್ ಮತ್ತು ಎಣ್ಣೆಯ ಒತ್ತಡದ್ದು. ಆಪರೇಟರ್ ಮಾಡುವುದು ಮುಖ್ಯವಾಗಿ ಜಾಗ ಹೊಂದಿಸುವ ಕೆಲಸ. ಯಂತ್ರ ಎಲ್ಲಿ ನಿಲ್ಲಬೇಕು, ಬಂಡೆ ಸಾಗಿಸುವ ದೊಡ್ಡ ಲಾರಿಯಾದ ಡಂಪರ್ ಎಲ್ಲಿಗೆ ಬರಬೇಕು, ಬಕೆಟ್ ಯಾವ ಮಟ್ಟದಲ್ಲಿ ಬಂಡೆಗೆ ನುಗ್ಗಬೇಕು ಎಂಬುದನ್ನು ಸರಿಯಾಗಿ ನಿರ್ಧರಿಸಿದವರ ಕೈಯಲ್ಲಿ ಲೋಡಿಂಗ್ ಸಲೀಸಾಗಿ ಸಾಗುತ್ತದೆ. ಅದನ್ನು ಲೆಕ್ಕಿಸದವರು ಎಷ್ಟೇ ವೇಗವಾಗಿ ಲಿವರ್ ಆಡಿಸಿದರೂ ಪಾಳಿ ಮುಗಿಯುವ ಹೊತ್ತಿಗೆ ಹಿಂದೆ ಬಿದ್ದಿರುತ್ತಾರೆ.

ಈ ಯಂತ್ರಗಳ ಗಾತ್ರದಲ್ಲಿ ಅಗಾಧ ವ್ಯತ್ಯಾಸವಿದೆ. ಲೀಬ್‌ಹರ್ ಕಂಪನಿಯ ಆರ್ 9800 ಸುಮಾರು 800 ಟನ್ ತೂಗುತ್ತದೆ. ಅದರ ಬಕೆಟ್‌ನಲ್ಲಿ 42 ಘನ ಮೀಟರ್ ಬಂಡೆ ಹಿಡಿಯುತ್ತದೆ. ಬಳ್ಳಾರಿ ಜಿಲ್ಲೆಯ ಸಂಡೂರು ಸುತ್ತಲಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಕೆಲಸ ಮಾಡುವವು ಇದಕ್ಕಿಂತ ಬಹಳ ಚಿಕ್ಕವು. ಚಿಕ್ಕವು ಎಂದರೂ ನೂರು ಟನ್ ತೂಗುವ ಯಂತ್ರದ ಪಕ್ಕದಲ್ಲಿ ನಿಂತವರ ತಲೆ ಅದು ಚಲಿಸುವ ಚೈನ್ ಪಟ್ಟಿಯನ್ನು ಹೆಚ್ಚು ದಾಟುವುದಿಲ್ಲ. ದೊಡ್ಡ ಅಗೆಯುವ ಯಂತ್ರಗಳು ನಮ್ಮ ರಾಜ್ಯದಲ್ಲೇ ತಯಾರಾಗುತ್ತವೆ. 1964ರಲ್ಲಿ ಆರಂಭವಾದ ಬಿಇಎಂಎಲ್ ಕಂಪನಿ ಅವುಗಳನ್ನು ಕೆಜಿಎಫ್‌ನಲ್ಲಿಯೂ, ಅವು ತುಂಬುವ ಡಂಪರ್‌ಗಳನ್ನು ಮೈಸೂರಿನಲ್ಲಿಯೂ ಕಟ್ಟುತ್ತದೆ.

ಶೊವೆಲ್‌ಗಳಲ್ಲಿ ಎರಡು ಬಗೆ. ಬೆಂಚಿನ, ಅಂದರೆ ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದ, ಮೇಲೆ ಕುಳಿತು ಕೆಳಗಿನ ಬಂಡೆಯನ್ನು ತನ್ನತ್ತ ಎಳೆದುಕೊಳ್ಳುವುದು ಬ್ಯಾಕ್‌ಹೋ. ನೆಲದಲ್ಲಿ ನಿಂತು ಎದುರಿನ ಕಲ್ಲಿನ ಗೋಡೆಗೆ, ಅಂದರೆ ಗಣಿಯವರು ಫೇಸ್ ಎನ್ನುವ ಕಡೆಗೆ, ಬಕೆಟ್ಟನ್ನು ಮುಂದಕ್ಕೆ ತಳ್ಳಿ ಮೇಲೆತ್ತುವುದು ಫೇಸ್ ಶೊವೆಲ್. ಬ್ಲಾಸ್ಟಿಂಗ್ ಆದ, ಅಂದರೆ ಮದ್ದಿಟ್ಟು ಸಿಡಿಸಿದ, ಗಟ್ಟಿ ಬಂಡೆಯನ್ನು ತುಂಬಲು ಹೇಳಿ ಮಾಡಿಸಿದ ಎರಡನೆಯ ಬಗೆಯನ್ನೇ ಇಲ್ಲಿ ವಿವರಿಸಲಾಗಿದೆ.

ಹತ್ತುವ ಮೊದಲು

ಪಾಳಿಯ ಮೊದಲ ಕೆಲಸ ಯಂತ್ರಕ್ಕೆ ಒಂದು ಸುತ್ತು ಬರುವುದು. ಹೋಸ್‌ಗಳಲ್ಲಿ ಎಣ್ಣೆ ಜಿನುಗುತ್ತಿದೆಯೇ, ಬೂಮ್ (ಯಂತ್ರದಿಂದ ಹೊರಡುವ ದೊಡ್ಡ ತೋಳು) ಮತ್ತು ಆರ್ಮ್ (ಅದರ ತುದಿಯ, ಬಕೆಟ್ ಹಿಡಿದ ತೋಳು) ಸೇರುವಲ್ಲಿ ಪಿನ್ ಸರಿದಿದೆಯೇ, ಚೈನ್ ಪಟ್ಟಿಯ ಬೋಲ್ಟ್ ಸಡಿಲವಾಗಿದೆಯೇ, ಗ್ರೀಸ್ ತಲುಪುತ್ತಿದೆಯೇ ಎಂದು ನೋಡಬೇಕು. ಎಂಜಿನ್ ಎಣ್ಣೆ, ಕೂಲಂಟ್, ಹೈಡ್ರಾಲಿಕ್ ಎಣ್ಣೆಯ ಮಟ್ಟ ಪರೀಕ್ಷಿಸಬೇಕು. ಬೆಂಕಿ ನಂದಿಸುವ ವ್ಯವಸ್ಥೆಯ ಒತ್ತಡ ಸರಿಯಿದೆಯೇ, ಕ್ಯಾಬಿನ್‌ನಿಂದ ಪಾರಾಗುವ ತುರ್ತು ಏಣಿ ಇಳಿಯುತ್ತದೆಯೇ ಎಂಬುದನ್ನೂ ಬಿಡಬಾರದು. ಬಿಸಿಯಾದ ಹೈಡ್ರಾಲಿಕ್ ಎಣ್ಣೆ ಸೀಳಿದ ಹೋಸ್‌ನಿಂದ ಎಂಜಿನ್ನಿನ ಕಾದ ಭಾಗಕ್ಕೆ ಚಿಮ್ಮಿದರೆ ಹೊತ್ತಿಕೊಳ್ಳಲು ಕ್ಷಣ ಸಾಕು.

ಬಕೆಟ್‌ನ ಹಲ್ಲುಗಳನ್ನು ಎಣಿಸುವುದನ್ನು ಎಂದೂ ಮರೆಯಬಾರದು. ಒಂದು ಹಲ್ಲು ಕಳಚಿಕೊಂಡರೆ ಅದು ಅದಿರಿನೊಂದಿಗೆ ಡಂಪರ್ ಸೇರುತ್ತದೆ, ಅಲ್ಲಿಂದ ನೇರವಾಗಿ ಕ್ರಷರ್‌ಗೆ ಹೋಗುತ್ತದೆ. ಕಲ್ಲು ಪುಡಿ ಮಾಡಲೆಂದೇ ಇರುವ ಆ ಯಂತ್ರ ಗಟ್ಟಿ ಉಕ್ಕಿನ ತುಂಡು ಸಿಕ್ಕಿಬಿದ್ದರೆ ಗಂಟೆಗಟ್ಟಲೆ ನಿಲ್ಲುತ್ತದೆ, ಅದನ್ನು ಹೊರತೆಗೆಯುವ ಕೆಲಸವಂತೂ ಜೀವಕ್ಕೇ ಅಪಾಯ. ಆದ್ದರಿಂದ ಪಾಳಿಯ ನಡುವೆಯೂ ಪ್ರತಿ ಡಂಪರ್ ಹೊರಟ ಮೇಲೆ ಒಮ್ಮೆ ಹಲ್ಲುಗಳ ಕಡೆ ಕಣ್ಣು ಹಾಯಿಸಬೇಕು. ಹಲ್ಲು ಕಾಣದಿದ್ದರೆ ಕ್ರಷರ್‌ಗೆ ಮೊದಲು ರೇಡಿಯೊದಲ್ಲಿ ತಿಳಿಸಬೇಕು, ಆಮೇಲೆ ಹುಡುಕಬೇಕು.

ಏಣಿ ಹತ್ತುವಾಗ ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಯಂತ್ರವನ್ನು ಹಿಡಿದಿರಬೇಕು. ಸೀಟ್ ಬೆಲ್ಟ್ ಹಾಕಿ, ಹಾರ್ನ್ ಮಾಡಿ, ನಂತರವೇ ಎಂಜಿನ್ ಚಾಲೂ ಮಾಡಬೇಕು. ಎಣ್ಣೆ ಬೆಚ್ಚಗಾಗುವವರೆಗೆ ಬಕೆಟ್ಟನ್ನು ಬಂಡೆಗೆ ಹಾಕಬಾರದು. ಖಾಲಿ ಬಕೆಟ್ಟನ್ನೇ ನಿಧಾನವಾಗಿ ಎತ್ತಿ ಇಳಿಸಿ, ಚಾಚಿ ಮಡಚಿದರೆ ಅಷ್ಟರಲ್ಲೇ ಬ್ರೇಕ್, ತಿರುವು, ಲಿವರ್ ಎಲ್ಲದರ ಪರೀಕ್ಷೆಯೂ ಆಗುತ್ತದೆ.

ಫೇಸ್ ಓದುವುದು

ಬ್ಲಾಸ್ಟಿಂಗ್ ಮುಗಿದು, ಹೊಗೆ ಚದುರಿ, ಬ್ಲಾಸ್ಟರ್ ಪರಿಶೀಲಿಸಿ ಜಾಗ ಸುರಕ್ಷಿತವೆಂದು ಹೇಳಿದ ನಂತರವೇ ಶೊವೆಲ್ ಮುಂದೆ ಹೋಗಬೇಕು. ಅದಾದ ಮೇಲೂ ಆಪರೇಟರ್ ತನ್ನ ಕಣ್ಣಿನಿಂದಲೇ ಫೇಸ್ ನೋಡಬೇಕು. ಮೇಲೆ ಚಾಚಿಕೊಂಡ ಬಂಡೆ, ಹೊಸ ಬಿರುಕು, ತಾನಾಗಿ ಉದುರುತ್ತಿರುವ ಜಲ್ಲಿ, ಒಸರುವ ನೀರು ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ ಫೋರ್‌ಮನ್‌ಗೆ ತಿಳಿಸಬೇಕು. ಸಂಡೂರು ಭಾಗದಲ್ಲಿ ಗಟ್ಟಿ ಹೆಮಟೈಟ್ ಅದಿರಿನ ನಡುವೆ ಬ್ಲೂ ಡಸ್ಟ್ ಎನ್ನುವ ಹುಡಿಯಂಥ ನುಣ್ಣನೆಯ ಅದಿರಿನ ಪದರಗಳು ಸಿಗುತ್ತವೆ. ಬೇಸಿಗೆಯಲ್ಲಿ ಸುಮ್ಮನೆ ನಿಂತಿದ್ದ ಆ ಪದರ ಮಳೆಗಾಲದಲ್ಲಿ ತಾನು ಹೊತ್ತ ಬಂಡೆಯೊಂದಿಗೆ ಜಾರಬಹುದು. ಮಳೆ ನಿಂತ ಮರುದಿನ ಬೆಳಿಗ್ಗೆ ಅತ್ಯಂತ ಎಚ್ಚರದ ಹೊತ್ತು ಎಂದೇ ನಾನು ಹೇಳುತ್ತೇನೆ.

ಫೇಸ್‌ನ ಎತ್ತರ ಬಕೆಟ್ ತಲುಪುವ ಎತ್ತರಕ್ಕೆ ಹೊಂದಿಕೆಯಾಗಿರಬೇಕು. ಮೇಲಿನದು ಕೈಗೆ ಸಿಗದೆ ಕೆಳಗಿನದನ್ನಷ್ಟೇ ತೋಡುತ್ತ ಹೋದರೆ ತಲೆಯ ಮೇಲೆ ಬಂಡೆ ಜೋತು ನಿಲ್ಲುತ್ತದೆ. ಬುಡ ಕೊರೆಯುವುದು ಗಣಿಯಲ್ಲಿ ಕ್ಷಮಿಸಲಾಗದ ಅಭ್ಯಾಸ.

ಬಂಡೆಯ ರಾಶಿಯಲ್ಲಿ ವೈರಿನ ತುಂಡು, ಡೆಟೊನೇಟರ್ ಅಥವಾ ಸ್ಫೋಟಕದ ಲೋಳೆ ಕಂಡರೆ ಅದು ಸಿಡಿಯದೆ ಉಳಿದ ಮದ್ದಾಗಿರಬಹುದು. ಬಕೆಟ್ ತಾಗಿಸಬಾರದು, ಇಳಿದು ಕೈಯಲ್ಲಿ ಎತ್ತಲೂಬಾರದು. ಯಂತ್ರವನ್ನು ಹಿಂದಕ್ಕೆ ತಂದು, ಡಂಪರ್‌ಗಳನ್ನು ದೂರ ಕಳುಹಿಸಿ, ಬ್ಲಾಸ್ಟರ್ ಬರುವವರೆಗೆ ಕಾಯಬೇಕು. ಉತ್ಪಾದನೆಯ ಒತ್ತಡ ಎಷ್ಟೇ ಇದ್ದರೂ ಈ ಕಾಯುವಿಕೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ.

ನಿಲ್ಲುವ ಜಾಗ

ಶೊವೆಲ್ ನಿಲ್ಲುವ ನೆಲ ಸಮತಟ್ಟಾಗಿರಬೇಕು. ಓರೆ ನೆಲದಲ್ಲಿ ತುಂಬಿದ ಬಕೆಟ್ ತಿರುಗಿಸಿದರೆ ಪ್ರತಿ ಸುತ್ತಿನಲ್ಲೂ ಒಮ್ಮೆ ಏರಿಗೆ ತಳ್ಳಬೇಕು, ಒಮ್ಮೆ ಇಳಿಜಾರಿನಲ್ಲಿ ತಡೆಯಬೇಕು. ತಿರುಗುವ ಗೇರಿಗೆ ಅದು ದಿನವಿಡೀ ಹಿಂಸೆ. ಚೈನ್‌ಗಳು ಫೇಸ್‌ಗೆ ನೇರವಾಗಿರಲಿ, ಅವನ್ನು ಓಡಿಸುವ ಮೋಟಾರ್‌ಗಳ ಭಾಗ ಹಿಂದೆ ಇರಲಿ. ಉರುಳಿದ ಕಲ್ಲು ಅದಕ್ಕೆ ಬಡಿಯುವುದಿಲ್ಲ, ಅಪಾಯ ಕಂಡಾಗ ನೇರವಾಗಿ ಹಿಂದೆ ಸರಿಯಲೂ ಬರುತ್ತದೆ.

ಡಂಪರ್ ನಿಲ್ಲುವ ಜಾಗವನ್ನು ಆಪರೇಟರ್ ಬಕೆಟ್ಟನ್ನು ಎತ್ತಿ ಹಿಡಿದು ತೋರಿಸುತ್ತಾನೆ. ಚಾಲಕ ಆ ಗುರುತಿಗೆ ಹಿಂದೆ ಬಂದು ನಿಲ್ಲಿಸುತ್ತಾನೆ. ಫೇಸ್‌ನಿಂದ ಡಂಪರ್‌ವರೆಗಿನ ತಿರುವು 90 ಡಿಗ್ರಿ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ತಿರುವು ಕಿರಿದಾಗಿ ಒಂದು ಬಕೆಟ್‌ಗೆ 3 ಸೆಕೆಂಡ್ ಉಳಿದರೆ, ಐದು ಬಕೆಟ್ ಹಿಡಿಯುವ ಡಂಪರ್‌ಗೆ 15 ಸೆಕೆಂಡ್ ಉಳಿಯುತ್ತದೆ. ಪಾಳಿಯಲ್ಲಿ 60 ಡಂಪರ್ ತುಂಬಿದರೆ ಕಾಲು ಗಂಟೆ. ಲಿವರನ್ನು ಒಂದಿಷ್ಟೂ ಜೋರಾಗಿ ತಳ್ಳದೆ, ಡೀಸೆಲ್ ಹೆಚ್ಚು ಸುಡದೆ ಸಿಕ್ಕ ಕಾಲು ಗಂಟೆ ಅದು. ಜಾಗ ಅಗಲವಾಗಿದ್ದರೆ ಶೊವೆಲ್‌ನ ಎರಡೂ ಬದಿಯಲ್ಲಿ ಡಂಪರ್ ನಿಲ್ಲಿಸಬಹುದು. ಒಂದು ತುಂಬುತ್ತಿರುವಾಗಲೇ ಇನ್ನೊಂದು ಸಜ್ಜಾಗಿರುತ್ತದೆ.

ಬಕೆಟ್ ತುಂಬುವುದು

ಹೆಚ್ಚಿನ ಯಂತ್ರಗಳಲ್ಲಿ ಎಡಗೈ ಲಿವರ್ ಯಂತ್ರವನ್ನು ತಿರುಗಿಸುತ್ತದೆ, ಆರ್ಮ್ ಚಾಚುತ್ತದೆ, ಮಡಚುತ್ತದೆ. ಬಲಗೈ ಲಿವರ್ ಬೂಮ್ ಎತ್ತಿ ಇಳಿಸುತ್ತದೆ, ಬಕೆಟ್ ಮಡಚಿ ಬಿಚ್ಚುತ್ತದೆ. ಫೇಸ್ ಶೊವೆಲ್‌ನ ಬಕೆಟ್ ತಳದಲ್ಲಿ ಬಾಯಿ ತೆರೆಯುವಂಥದ್ದು, ಅದಕ್ಕೆ ಕಾಲಿನ ಪೆಡಲ್ ಇರುತ್ತದೆ. ಚೈನ್ ಓಡಿಸಲೂ ಪೆಡಲ್‌ಗಳೇ.

ಬೂಮ್ ಇಳಿಸಿ ಬಕೆಟ್ಟನ್ನು ಫೇಸ್‌ನ ಬುಡಕ್ಕೆ ತನ್ನಿ. ಹಲ್ಲುಗಳು ನೆಲಕ್ಕೆ ಸಮಾನಾಂತರವಾಗಿರಲಿ. ಈಗ ಆರ್ಮ್ ಮುಂದಕ್ಕೆ ತಳ್ಳಿ. ಬಕೆಟ್ ಒಳನುಗ್ಗುತ್ತಿದ್ದಂತೆ ಬೂಮನ್ನು ತುಸುತುಸುವೇ ಎತ್ತುತ್ತ, ಬಕೆಟ್ಟನ್ನು ನಿಧಾನವಾಗಿ ಮಡಚುತ್ತ ಹೋಗಬೇಕು. ಮೂರೂ ಚಲನೆಗಳು ಒಂದರೊಳಗೊಂದು ಬೆರೆಯಬೇಕು. ಒಂದು ಮುಗಿಸಿ ಇನ್ನೊಂದು ಹಿಡಿದರೆ ಸಮಯವೂ ಹಾಳು, ಬಕೆಟ್ಟೂ ಅರೆಬರೆ. ಹಲ್ಲು ಕೆಳಮುಖವಾದರೆ ನೆಲ ತೋಡಿ ಯಂತ್ರದ ಮುಂಭಾಗವೇ ಮೇಲೇಳುತ್ತದೆ. ತೀರಾ ಮೇಲ್ಮುಖವಾದರೆ ಬಕೆಟ್ ರಾಶಿಯ ಮೇಲೆ ಸವರಿಕೊಂಡು ಹೋಗುತ್ತದೆ, ಒಳಗೆ ಹೋಗುವುದಿಲ್ಲ.

ಇಲ್ಲಿ ಕಿವಿ ಕಣ್ಣಿನಷ್ಟೇ ಕೆಲಸ ಮಾಡಬೇಕು. ಬಂಡೆ ಬಗ್ಗದಿದ್ದಾಗ ಎಣ್ಣೆಯ ಒತ್ತಡ ಮಿತಿ ಮುಟ್ಟಿ ರಿಲೀಫ್ ವಾಲ್ವ್ ತೆರೆಯುತ್ತದೆ, ಆಗ ಸಿಳ್ಳೆಯಂಥ ಸದ್ದು ಬರುತ್ತದೆ. ಬಕೆಟ್ ನಿಂತಿದೆ, ಡೀಸೆಲ್ ಉರಿಯುತ್ತಿದೆ, ಆ ಶಕ್ತಿಯೆಲ್ಲ ಎಣ್ಣೆ ಕಾಯಿಸಲು ಹೋಗುತ್ತಿದೆ ಎಂದು ಅದರ ಅರ್ಥ. ಹೊಸಬರು ಆಗ ಇನ್ನೂ ಬಲವಾಗಿ ತಳ್ಳುತ್ತಾರೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಬೂಮನ್ನು ಅಂಗೈ ಅಗಲ ಎತ್ತಿದರೆ ಅಥವಾ ಬಕೆಟ್ಟನ್ನು ಸ್ವಲ್ಪ ಮಡಚಿದರೆ ಹಿಡಿತ ಬಿಟ್ಟು ಬಂಡೆ ಸಡಿಲಾಗುತ್ತದೆ. ಹಾಗೂ ಬಗ್ಗದಿದ್ದರೆ ಪಕ್ಕದಿಂದ ಬಿಡಿಸಿಕೊಳ್ಳಬೇಕು.

ಬಕೆಟ್ಟಿನ ಪಕ್ಕದಿಂದ ಬಂಡೆಯನ್ನು ಗುಡಿಸುವುದು, ಮೇಲಿನಿಂದ ಬಡಿದು ಒಡೆಯುವುದು ಎರಡೂ ಬೇಡ. ಬೂಮ್ ಅಡ್ಡ ಹೊಡೆತ ತಾಳುವಂತೆ ಕಟ್ಟಿದ್ದಲ್ಲ, ಬಿರುಕು ಇವತ್ತು ಕಾಣದೆ ಮುಂದೊಂದು ದಿನ ಬಾಯಿ ಬಿಡುತ್ತದೆ. ಬಕೆಟ್‌ಗೆ ಹಿಡಿಯದ ಹೆಬ್ಬಂಡೆಯನ್ನು ಒಂದು ಬದಿಗೆ ಸರಿಸಿಟ್ಟರೆ ರಾಕ್ ಬ್ರೇಕರ್ ಬಂದು ಒಡೆಯುತ್ತದೆ.

ಒಂದೇ ಫೇಸ್‌ನಲ್ಲಿ ಒಳ್ಳೆಯ ಅದಿರು, ಜಂಬಿಟ್ಟಿಗೆ ಕಲ್ಲು, ಕಬ್ಬಿಣ ಕಡಿಮೆಯಿರುವ ಪಟ್ಟೆ ಕಲ್ಲು ಒಟ್ಟಿಗೆ ಇರುವುದು ಸಾಮಾನ್ಯ. ಭೂವಿಜ್ಞಾನಿ ಗುರುತು ಹಾಕಿದ ಗೆರೆ ದಾಟದೆ ಬೇರೆ ಬೇರೆಯಾಗಿ ತುಂಬಬೇಕು. ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಕಲ್ಲಿನಿಂದ ಬಂದ ಈ ಅದಿರು ಮತ್ತೆ ಹುಟ್ಟುವುದಿಲ್ಲ. ಅದನ್ನು ಕಣ್ತಪ್ಪಿನಿಂದ ತ್ಯಾಜ್ಯದ ಗುಡ್ಡಕ್ಕೆ ಸುರಿಯುವುದು ನನಗೆ ತುಂಬಾ ಸಂಕಟ ತರುವ ಸಂಗತಿ.

ಡಂಪರ್‌ಗೆ ಸುರಿಯುವುದು

ಬಕೆಟ್ ಫೇಸ್‌ನಿಂದ ಪೂರ್ತಿ ಹೊರಬಂದ ಮೇಲೆಯೇ ತಿರುಗಿಸಿ. ತಿರುಗುತ್ತಲೇ ಎತ್ತಿ, ಡಂಪರ್ ಬರುವ ಮೊದಲೇ ವೇಗ ಇಳಿಸಿ. ಚಾಲಕನ ಕ್ಯಾಬಿನ್ ಮೇಲೆ ಬಕೆಟ್ ಎಂದಿಗೂ ಹಾಯಬಾರದು, ಖಾಲಿ ಬಕೆಟ್ಟೂ ಸಹ. ಲೋಡಿಂಗ್ ನಡೆಯುವಾಗ ಚಾಲಕ ಕ್ಯಾಬಿನ್ ಬಿಟ್ಟು ಇಳಿಯಬಾರದು, ಶೊವೆಲ್ ತಿರುಗುವ ವ್ಯಾಪ್ತಿಯಲ್ಲಿ ಯಾರೂ ಕಾಲ್ನಡಿಗೆಯಲ್ಲಿ ಬರಬಾರದು. ಯಾರಾದರೂ ಕಂಡರೆ ಬಕೆಟ್ ನೆಲಕ್ಕಿಳಿಸಿ ನಿಲ್ಲಿಸುವುದೊಂದೇ ದಾರಿ.

ಮೊದಲ ಬಕೆಟ್ ನುಣ್ಣನೆಯ ಪುಡಿಯದಾಗಿರಲಿ. ಮಡಕೆ ಹೇರುವ ಮುನ್ನ ಗಾಡಿಗೆ ಹುಲ್ಲು ಹಾಸುವಂತೆ ಅದು ಡಂಪರ್‌ನ ತಳಕ್ಕೆ ಹಾಸಿಗೆಯಾಗುತ್ತದೆ. ದೊಡ್ಡ ಕಲ್ಲುಗಳು ಅದರ ಮೇಲೆ ಬೀಳಲಿ. ಬಕೆಟ್ಟನ್ನು ಆದಷ್ಟು ಕೆಳಗೆ ತಂದು ಬಾಯಿ ಬಿಚ್ಚಬೇಕು. ಎತ್ತರದಿಂದ ಬಿದ್ದ ಒಂದು ಬಂಡೆ ಡಂಪರ್‌ನ ತಳ, ಸಸ್ಪೆನ್ಷನ್ ಮಾತ್ರವಲ್ಲ, ಸೀಟಿನಲ್ಲಿ ಕುಳಿತ ಚಾಲಕನ ಬೆನ್ನುಮೂಳೆಯನ್ನೂ ಅಲುಗಿಸುತ್ತದೆ. ಅವರ ಬೆನ್ನುನೋವಿನಲ್ಲಿ ಶೊವೆಲ್ ಆಪರೇಟರ್‌ನ ಪಾಲೂ ಇರುತ್ತದೆ.

ಎಷ್ಟು ಬಕೆಟ್ ಎಂಬುದು ವಸ್ತುವಿನ ತೂಕದ ಮೇಲೆ ನಿಂತಿದೆ. ಒಡೆದ ಕಬ್ಬಿಣದ ಅದಿರು ಘನ ಮೀಟರ್‌ಗೆ ಸುಮಾರು 2.5 ಟನ್ ತೂಗುತ್ತದೆ ಎಂದುಕೊಂಡರೆ, ಹತ್ತು ಘನ ಮೀಟರ್ ಬಕೆಟ್ ಹತ್ತರಲ್ಲಿ ಒಂಬತ್ತು ಪಾಲು ತುಂಬಿದಾಗ 22 ಟನ್ ದಾಟುತ್ತದೆ. ಅದೇ ಬಕೆಟ್‌ನಲ್ಲಿ ಕಲ್ಲಿದ್ದಲು 8 ಟನ್ ಕೂಡ ಆಗುವುದಿಲ್ಲ. ಹಾಗಾಗಿ 100 ಟನ್‌ನ ಡಂಪರ್‌ಗೆ ನಾಲ್ಕು ಬಕೆಟ್ ಅದಿರು ಹಾಕಿದರೆ 90 ಟನ್, ಐದನೆಯದು ಅರ್ಧ ಸಾಕು. ಕಣ್ಣಳತೆಯಲ್ಲಿ ಡಂಪರ್ ಇನ್ನೂ ಖಾಲಿ ಕಂಡರೂ ಮೋಸ ಹೋಗಬಾರದು, ತೂಕ ತೋರಿಸುವ ಪರದೆಯನ್ನೇ ನಂಬಬೇಕು. ಕ್ಯಾಟರ್‌ಪಿಲ್ಲರ್ ಕಂಪನಿಯ 10-10-20 ನಿಯಮವನ್ನು ಹಲವು ಗಣಿಗಳು ಅನುಸರಿಸುತ್ತವೆ. ಅದರಂತೆ ನೂರು ಟ್ರಿಪ್‌ಗಳಲ್ಲಿ ಹತ್ತಕ್ಕಿಂತ ಹೆಚ್ಚು ಟ್ರಿಪ್‌ಗಳ ತೂಕ ನಿಗದಿಗಿಂತ ಶೇ 10ರಷ್ಟು ಮೀರಬಾರದು, ಶೇ 20ರಷ್ಟು ಮೀರಿದ್ದು ಒಂದೂ ಇರಬಾರದು. ಅತಿಭಾರ ಮೊದಲು ಟೈರಿಗೆ, ನಂತರ ಬ್ರೇಕಿಗೆ ಕೂರುತ್ತದೆ. ಘಾಟಿ ಇಳಿಯುವ ಡಂಪರ್‌ನ ಬ್ರೇಕ್ ಸೋತರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ರಾಶಿ ಡಂಪರ್‌ನ ನಡುವೆ ಬೀಳಬೇಕು. ಒಂದು ಪಕ್ಕಕ್ಕೆ ವಾಲಿದರೆ ದಾರಿಯುದ್ದಕ್ಕೂ ಕಲ್ಲು ಉದುರಿ ಹಿಂದೆ ಬರುವವರ ಟೈರ್ ಸೀಳುತ್ತದೆ. ಶೊವೆಲ್ ಸುತ್ತ ಬಿದ್ದ ಕಲ್ಲನ್ನು ಡಂಪರ್‌ಗಳ ನಡುವಿನ ಬಿಡುವಿನಲ್ಲಿ ಮುಂದೆ ಅಲಗಿರುವ ಡೋಜರ್ ಯಂತ್ರದಿಂದ ಸರಿಸಬೇಕು, ಡೋಜರ್ ಹತ್ತಿರ ಬಂದಾಗ ಬಕೆಟ್ ನೆಲದಲ್ಲಿರಬೇಕು. ತುಂಬಿದ ಮೇಲೆ ಹೊರಡಲು ಹಾರ್ನ್ ಕೊಡಿ. ಎಷ್ಟು ಹಾರ್ನ್‌ಗೆ ಏನರ್ಥ ಎಂಬುದು ಗಣಿಯಿಂದ ಗಣಿಗೆ ಬೇರೆಯಾದ್ದರಿಂದ ಹೊಸ ಗಣಿಗೆ ಹೋದವರು ಮೊದಲ ದಿನವೇ ಕೇಳಿ ತಿಳಿಯಬೇಕು.

ಪಾಳಿ ಬಿಡುವಾಗ

ಯಂತ್ರವನ್ನು ಫೇಸ್‌ನಿಂದ ದೂರ, ಸಮತಟ್ಟಾದ ನೆಲಕ್ಕೆ ತಂದು ಬಕೆಟ್ ನೆಲಕ್ಕೆ ಊರಿ. ಎಂಜಿನ್ನನ್ನು ಕೂಡಲೇ ನಿಲ್ಲಿಸದೆ ಕೆಲವು ನಿಮಿಷ ನಿಧಾನವಾಗಿ ಓಡಲು ಬಿಟ್ಟರೆ ಟರ್ಬೊ ತಣ್ಣಗಾಗುತ್ತದೆ. ಲಿವರ್‌ಗಳ ಲಾಕ್ ಹಾಕಿ ಇಳಿಯಿರಿ. ಲಾಗ್ ಪುಸ್ತಕದಲ್ಲಿ ಗಂಟೆ, ಟ್ರಿಪ್, ಸಣ್ಣಪುಟ್ಟ ದೋಷ ಎಲ್ಲವನ್ನೂ ಬರೆಯಬೇಕು. ಮುಂದಿನ ಪಾಳಿಯವರಿಗೆ ಫೇಸ್‌ನ ಸ್ಥಿತಿಯನ್ನು ಮಾತ್ರ ಪುಸ್ತಕಕ್ಕೆ ಬಿಡದೆ, ಸಡಿಲ ಬಂಡೆ ಯಾವ ಬದಿಗಿದೆ, ಹೆಬ್ಬಂಡೆ ಎಲ್ಲಿಟ್ಟಿದೆ, ನೀರು ಎಲ್ಲಿ ಒಸರುತ್ತಿದೆ ಎಂದು ಎದುರು ನಿಂತು ಕೈ ತೋರಿಸಿ ಹೇಳಬೇಕು.